ಮಂಜಿನ ದಾರಿ

ಛಾಯಾಗ್ರಾಹಕರೊಡನೆ ಪ್ರಯಾಣ ಹೊರಡುವವರು ಗಡಿಯಾರವನ್ನು ಮನೆಯಲ್ಲಿಯೇ ಬಿಟ್ಟು ಹೊರಡುವುದು ಲೇಸು. ಮಿತ್ರರ ಜೀಪಿನಲ್ಲಿ ಬೆಳಗಿನ ಜಾವ ಬಿಕ್ಕೋಡನ್ನು ಬಿಟ್ಟಾಗ ನನಗೆ ಈ ತಿಳಿವಳಿಕೆ ಇರಲಿಲ್ಲ. ಕಾಫಿ ತೋಟಗಳ ನಡುವೆ ಮೂರು ಕಡೆ ನಿಂತು ಬೇಲೂರನ್ನು ಸೇರುವಾಗ ಬಿಸಿಲೇರಿತ್ತು.

1117ರಲ್ಲಿ ಪ್ರತಿಷ್ಠಿತವಾದ ಚೆನ್ನಕೇಶವ ದೇವಾಲಯ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಮಾತ್ರ ಮಿತ್ರರು ಜೀಪು ನಿಲ್ಲಿಸಲಿಲ್ಲ. “ಮದನಿಕೆಯರು ಎಲ್ಲಿಗೂ ಹೋಗುವವರಲ್ಲ, ಬೆಟ್ಟದ ಬೆಳಕು ನಮಗಾಗಿ ಕಾಯುವುದಿಲ್ಲ” ಎಂದರು.

ಚಿಕ್ಕಮಗಳೂರನ್ನು ದಾಟಿದ ಮೇಲೆ ರಸ್ತೆ ಸುತ್ತಿ ಸುತ್ತಿ ಏರತೊಡಗಿತು. ತೋಟದ ನೆರಳು ಮುಗಿದು ಹುಲ್ಲಿನ ಬೆಟ್ಟಗಳು ತೆರೆದುಕೊಂಡವು. ಅವುಗಳ ಮಡಿಲಲ್ಲಿ ದಟ್ಟವಾದ ಶೋಲಾ ಕಾಡು. ಮಳೆಯ ನೀರನ್ನು ಹಿಡಿದಿಟ್ಟು ಮೆಲ್ಲಮೆಲ್ಲನೆ ಹೊಳೆಗೆ ಬಿಡುವುದು ಈ ಹುಲ್ಲು, ಈ ಕಾಡು. ಬೇಲೂರಿನ ಬಳಿ ಹರಿದು ಗೊರೂರಿನ ಹತ್ತಿರ ಹೇಮಾವತಿಯನ್ನು ಕೂಡುವ ಯಗಚಿಯೂ ಈ ಬಾಬಾಬುಡನ್ ಗಿರಿಶ್ರೇಣಿಯ ಮಗಳೇ.

1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಕರ್ನಾಟಕದ ಅತ್ಯುನ್ನತ ಶಿಖರ. ಅಂದು ಶಿಖರದ ಮಾತಿರಲಿ, ಹತ್ತು ಮಾರು ದೂರದ ಬಂಡೆಯೂ ಕಾಣದಷ್ಟು ಮಂಜು. ಮಂಜನ್ನು ಚಿತ್ರಿಸುವುದರಲ್ಲಿ ಒಂದು ಮರ್ಮವಿದೆ. ಕ್ಯಾಮೆರಾದ ಬೆಳಕಿನ ಮಾಪಕ ಬಿಳುಪನ್ನೂ ಬೂದುಬಣ್ಣವೆಂದೇ ಎಣಿಸುತ್ತದೆ. ಅದನ್ನು ನಂಬಿದರೆ ಚಿತ್ರದಲ್ಲಿ ಮಂಜು ಹೊಗೆಯಾಗುತ್ತದೆ. ಆದುದರಿಂದ ಮಾಪಕ ಹೇಳಿದ್ದಕ್ಕಿಂತ ಹೆಚ್ಚು ಬೆಳಕನ್ನು ಒಳಗೆ ಬಿಡಬೇಕು.

ಮಿತ್ರರು ಇದನ್ನು ವಿವರಿಸುತ್ತಿದ್ದಂತೆಯೇ ಸೌದೆ ಹೊತ್ತ ಅಜ್ಜಿಯೊಬ್ಬರು ಮಂಜಿನೊಳಗಿಂದ ಇಳಿದು ಬಂದರು. ಎಂತಹ ಮುಖ! ಮಿತ್ರರ ಕೈ ತಾನಾಗಿ ಕ್ಯಾಮೆರಾವನ್ನೆತ್ತಿತು. ಅಜ್ಜಿ ಸೆರಗನ್ನು ಅಡ್ಡ ಹಿಡಿದರು.

“ಬ್ಯಾಡ ಕಣಪ್ಪ. ಹೋದ್ಸಲ ಬಂದೋರು ತೆಗೆದ್ರು, ಕಳಿಸ್ತೀವಿ ಅಂದ್ರು. ನನ್ನ ಮುಖ ಯಾವ ಊರಾಗೈತೋ ನಂಗೇ ಗೊತ್ತಿಲ್ಲ.”

“ನಾನು ತಂದುಕೊಡುತ್ತೇನೆ, ಅಜ್ಜಿ.”

“ಮೊದ್ಲು ತಂದ್ಕೊಡು, ಆಮ್ಯಾಕೆ ತೆಗಿ” ಎಂದು ನಕ್ಕು ಅವರು ನಡೆದೇಬಿಟ್ಟರು. ಮಿತ್ರರು ಕ್ಯಾಮೆರಾವನ್ನು ಇಳಿಸಿದರು. ಅಜ್ಜಿ ಮರೆಯಾದ ಮೇಲೆ ಆ ಬರಿಯ ಕಾಲುದಾರಿಯ ಒಂದೇ ಒಂದು ಚಿತ್ರ ತೆಗೆದರು. ಹಿಂದಿರುಗುವಾಗ ದಾರಿಯುದ್ದಕ್ಕೂ ಅವರು ಮಾತನಾಡಲಿಲ್ಲ.

ಹದಿನೈದು ದಿನಗಳ ಮೇಲೆ ಒಂದು ನಸುಕಿನಲ್ಲಿ ಮತ್ತೆ ಜೀಪು ನನ್ನ ಬಾಗಿಲಿಗೆ ಬಂದಿತು. ಸೀಟಿನ ಮೇಲೊಂದು ಲಕೋಟೆ. ಅದರೊಳಗೆ ಅಚ್ಚು ಹಾಕಿಸಿದ ಆ ಕಾಲುದಾರಿ.

“ಅವರ ಮುಖವಿಲ್ಲವಲ್ಲ!” ಎಂದೆ.

“ಅವರ ದಾರಿಯಿದೆಯಲ್ಲ. ಮೊದಲು ತಂದುಕೊಡು ಎಂದಿದ್ದಾರೆ” ಎಂದರು ಮಿತ್ರರು.

ಈ ಸಲ ನಾನು ಗಡಿಯಾರವನ್ನು ಕಟ್ಟಿಕೊಳ್ಳಲಿಲ್ಲ.