ಗರ್ಭಕೋಶದ ಗಡ್ಡೆ: ತೆಗೆಸಿದರಷ್ಟೇ ಸಾಲದು, ಬಯಾಪ್ಸಿ ವರದಿಯೂ ಬೇಕು

ಚಳ್ಳಕೆರೆಯ ಎಣ್ಣೆಗಿರಣಿಯಲ್ಲಿ ದುಡಿಯುವವಳಿರಲಿ, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆಯವಳಿರಲಿ, ಮುಟ್ಟಿನ ಸ್ರಾವ ವಿಪರೀತವಾದಾಗ ಸ್ಕ್ಯಾನಿಂಗ್ ಮಾಡಿಸುತ್ತಾಳೆ. ಗಡ್ಡೆ ಕಂಡರೆ ಗರ್ಭಕೋಶ ತೆಗೆಸುವ ಸಲಹೆಯೂ ಬರಬಹುದು. ಇಂತಹ ಗಡ್ಡೆಗಳಲ್ಲಿ ಬಹುಪಾಲು ಫೈಬ್ರಾಯ್ಡ್‌ಗಳು, ಕ್ಯಾನ್ಸರ್ ಅಲ್ಲ. ಆದರೆ ಅಪರೂಪಕ್ಕೊಮ್ಮೆ ಅದೇ ವೇಷದಲ್ಲಿ 'ಲಿಯೋಮಯೋಸಾರ್ಕೋಮಾ' ಎಂಬ ಉಗ್ರ ಕ್ಯಾನ್ಸರ್ ಅಡಗಿರುತ್ತದೆ.

ಗರ್ಭಕೋಶದ ಸ್ನಾಯುವಿನಲ್ಲಿ ಹುಟ್ಟುವ ಈ ರೋಗವು ಗರ್ಭಕೋಶದ ಕ್ಯಾನ್ಸರ್‌ಗಳಲ್ಲಿ ಶೇ 1ರಿಂದ 2ರಷ್ಟು ಮಾತ್ರ. ಸ್ಕ್ಯಾನಿಂಗ್ ಇದನ್ನು ಫೈಬ್ರಾಯ್ಡ್‌ನಿಂದ ಖಚಿತವಾಗಿ ಬೇರ್ಪಡಿಸಲಾರದು. ಫೈಬ್ರಾಯ್ಡ್ ಎಂದು ಶಸ್ತ್ರಚಿಕಿತ್ಸೆಗೊಳಗಾಗುವ ಸುಮಾರು 350 ಮಹಿಳೆಯರಲ್ಲಿ ಒಬ್ಬರಿಗೆ ಸಾರ್ಕೋಮಾ ಇರಬಹುದೆಂದು ಅಂದಾಜಿಸಿದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು, ಗಡ್ಡೆಯನ್ನು ಹೊಟ್ಟೆಯೊಳಗೇ ಯಂತ್ರದಿಂದ ಚೂರು ಮಾಡಿ ತೆಗೆಯುವ ವಿಧಾನದ ವಿರುದ್ಧ 2014ರಲ್ಲಿ ಎಚ್ಚರಿಸಿತು. ಚೂರಾದರೆ ರೋಗಕಣಗಳು ಒಳಗೇ ಚೆಲ್ಲುವ ಭಯ. ಮುಟ್ಟು ನಿಂತ ಮೇಲೂ ಬೆಳೆಯುವ ಗಡ್ಡೆಯನ್ನಂತೂ ಸಂಶಯದಿಂದಲೇ ನೋಡಬೇಕು.

ರೋಗವು ಗರ್ಭಕೋಶದೊಳಗೇ ಇದ್ದಾಗ ಪತ್ತೆಯಾದರೆ ಸುಮಾರು ಅರ್ಧದಷ್ಟು ಮಂದಿ ಐದು ವರ್ಷ ದಾಟುತ್ತಾರೆ. ದೂರದ ಅಂಗಗಳಿಗೆ ಹರಡಿದ್ದರೆ ಐವರಲ್ಲಿ ಒಬ್ಬರೂ ದಾಟುವುದು ಕಷ್ಟ. (ಐದು ವರ್ಷವೆಂಬುದು ವೈದ್ಯಶಾಸ್ತ್ರದ ಅಳತೆಗೋಲು, ಆಯುಷ್ಯದ ಗಡುವಲ್ಲ.) ಇದು ರಕ್ತದ ಮೂಲಕ ಮುಖ್ಯವಾಗಿ ಶ್ವಾಸಕೋಶಕ್ಕೆ ಹಬ್ಬುತ್ತದೆ. ವರ್ಷ ಕಳೆದು ಕೆಮ್ಮು, ಏದುಸಿರು ಕಾಣಿಸಿಕೊಂಡಾಗ ಹಳೆಯ ಶಸ್ತ್ರಚಿಕಿತ್ಸೆಯ ನೆನಪು ಯಾರಿಗೂ ಬಾರದಿರುವುದೇ ಅಪಾಯ.

ಗರ್ಭಕೋಶದ ಕೊರಳಿನ 'ಸ್ಮಾಲ್ ಸೆಲ್' ಕ್ಯಾನ್ಸರ್ ಕೂಡ ಇಷ್ಟೇ ವಿರಳ, ಇಷ್ಟೇ ಉಗ್ರ. ಪ್ಯಾಪ್ ಪರೀಕ್ಷೆಯ ಕಣ್ಣಿಗೂ ಅದು ಅನೇಕ ಸಲ ಬೀಳದು.

ಆದ್ದರಿಂದ ತೆಗೆದ ಗರ್ಭಕೋಶವನ್ನು ಬಿಸಾಡದೆ ಫಾರ್ಮಲಿನ್‌ನಲ್ಲಿಟ್ಟು ಪೆಥಾಲಜಿ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಸ್ಥಳೀಯವಾಗಿ ಸೌಲಭ್ಯವಿಲ್ಲದಿದ್ದರೆ ಚಿತ್ರದುರ್ಗ, ದಾವಣಗೆರೆ, ಬಳ್ಳಾರಿಗಳಿವೆ. 'ಬಯಾಪ್ಸಿಗೆ ಕಳುಹಿಸಿದ್ದೀರಾ, ವರದಿ ಎಂದು ಬರುತ್ತದೆ?' ಎಂದು ಕೇಳುವುದು ವೈದ್ಯರಿಗೆ ತೋರುವ ಅಗೌರವವಲ್ಲ.

ವರದಿಯಲ್ಲಿ ಸಾರ್ಕೋಮಾ ಎಂದಿದ್ದರೆ ತಡಮಾಡದೆ ಕ್ಯಾನ್ಸರ್ ತಜ್ಞರಲ್ಲಿಗೆ ಹೋಗಬೇಕು. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಚಳ್ಳಕೆರೆಯಿಂದ ಸುಮಾರು 200 ಕಿ.ಮೀ. ದೂರದಲ್ಲಿದೆ, ಮೊಳಕಾಲ್ಮೂರಿನವರಿಗೆ ಇನ್ನೂ ದೂರ. ಹೊರಡುವಾಗ ಶಸ್ತ್ರಚಿಕಿತ್ಸೆಯ ವಿವರ, ಬಯಾಪ್ಸಿ ವರದಿ, ಬಿ.ಪಿ.ಎಲ್. ಕಾರ್ಡ್‌ಗಳೊಂದಿಗೆ ಪ್ರಯೋಗಾಲಯದಲ್ಲಿರುವ ಮೇಣದ ಬ್ಲಾಕನ್ನೂ ಕೇಳಿ ಪಡೆಯಬೇಕು. ತಜ್ಞರು ಮರುಪರೀಕ್ಷೆ ಮಾಡುವುದು ಅದರಿಂದಲೇ.