ಒಂದು ಇಸಿಜಿಗೆ 120 ಕಿಲೋಬೈಟ್: ಹೃದಯದ ದಾಖಲೆ ಉಳಿಸುವ ಲೆಕ್ಕ

ಹತ್ತು ಸೆಕೆಂಡಿನ ಒಂದು ಇಸಿಜಿಯನ್ನು ಕಂಪ್ಯೂಟರಿನಲ್ಲಿ ಇಡಲು ಎಷ್ಟು ಜಾಗ ಬೇಕು? 12 ಲೀಡ್ (ಹೃದಯದ ವಿದ್ಯುತ್ತನ್ನು ಬೇರೆ ಬೇರೆ ಕೋನದಿಂದ ನೋಡುವ ಅಳತೆಯ ಸಾಲುಗಳು), ಪ್ರತಿ ಲೀಡಿಗೆ ಸೆಕೆಂಡಿಗೆ 500 ಅಳತೆ, 10 ಸೆಕೆಂಡು: ಒಟ್ಟು 60,000 ಅಂಕಿ. ಒಂದೊಂದಕ್ಕೆ 2 ಬೈಟ್ ಹಿಡಿದರೆ 1,20,000 ಬೈಟ್, ಅಂದರೆ 120 ಕಿಲೋಬೈಟ್. ಒಂದು ಟೆರಾಬೈಟಿನ ಹಾರ್ಡ್ ಡಿಸ್ಕಿನಲ್ಲಿ ಇಂಥ 83 ಲಕ್ಷ ಇಸಿಜಿ ಹಿಡಿಸುತ್ತವೆ. ಡಿಸ್ಕಿನ ಬೆಲೆ 6,000 ರೂಪಾಯಿ ಎಂದಿಟ್ಟುಕೊಂಡರೂ ಒಂದು ಇಸಿಜಿಗೆ ಬೀಳುವ ಖರ್ಚು ಪೈಸೆಯ ಹತ್ತನೇ ಒಂದು ಪಾಲಿಗಿಂತ ಕಡಿಮೆ.

ಇಷ್ಟು ಅಗ್ಗವಾಗಿದ್ದರೂ ಎಷ್ಟೋ ಇಸಿಜಿಗಳು ಥರ್ಮಲ್ ಕಾಗದದ ಮೇಲೆ ಮೂಡಿ, ಫೈಲಿನೊಳಗೇ ಮಾಸಿಹೋಗುತ್ತವೆ. ಉಳಿದವು ಯಂತ್ರ ಮಾರಿದ ಕಂಪನಿಯ ತಂತ್ರಾಂಶಕ್ಕೆ ಮಾತ್ರ ಅರ್ಥವಾಗುವ ರೂಪದಲ್ಲಿ ಸಿಕ್ಕಿಕೊಳ್ಳುತ್ತವೆ. ಜಾಗಕ್ಕೆ ಬರವಿಲ್ಲ, ಎಲ್ಲರೂ ಓದಬಲ್ಲ ಒಂದೇ ಕ್ರಮಕ್ಕೆ ಬರವಿದೆ.

ಕಾಗದದಲ್ಲಿ ಉಳಿಯುವುದೆಷ್ಟು?

ಇಸಿಜಿ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ರೂಢಿಯ ಮುದ್ರಣದಲ್ಲಿ 12 ಲೀಡುಗಳೂ ಒಂದೊಂದು ಎರಡೂವರೆ ಸೆಕೆಂಡಿನಷ್ಟು ಕಾಣುತ್ತವೆ. ಕೆಳಗೆ ಎರಡನೇ ಲೀಡಿನ 10 ಸೆಕೆಂಡಿನ ಪಟ್ಟಿ ಇರುತ್ತದೆ. ಯಂತ್ರ ಅಳೆದದ್ದು 12 ಲೀಡುಗಳ ಒಟ್ಟು 120 ಸೆಕೆಂಡು. ಕಾಗದಕ್ಕೆ ಇಳಿದದ್ದು 30, ಜೊತೆಗೆ ಪಟ್ಟಿಯಲ್ಲಿ ಹೆಚ್ಚುವರಿಯಾಗಿ ಸಿಗುವ 7.5: ಒಟ್ಟು 37.5 ಸೆಕೆಂಡು. ಶೇ 69ರಷ್ಟು ಅಳತೆ ಮುದ್ರಣದ ಹೊತ್ತಿಗೇ ಕೈಬಿಟ್ಟುಹೋಗಿದೆ.

ಆ ಕಾಗದವನ್ನು ಸ್ಕ್ಯಾನ್ ಮಾಡಿಟ್ಟರೆ ಸಾಲದೇ? ಇಂಚಿಗೆ 300 ಚುಕ್ಕಿಯಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿದ ಎ4 ಹಾಳೆ, ಕುಗ್ಗಿಸದಿದ್ದರೆ, ಸುಮಾರು 26 ಮೆಗಾಬೈಟ್ ಆಗುತ್ತದೆ. ಮೂಲ ಅಂಕಿಗಳಿಗೆ ಬೇಕಾದ ಜಾಗದ 217 ಪಟ್ಟು ಕೊಟ್ಟು ಮೂರನೇ ಒಂದು ಪಾಲಿಗಿಂತ ಕಡಿಮೆ ಮಾಹಿತಿ ಕೊಂಡಂತಾಯಿತು. ಕಾಗದದ ಚಿತ್ರದಿಂದ ಅಲೆಗಳನ್ನು ಮರಳಿ ಅಂಕಿಗಿಳಿಸುವ ಕೆಲಸ ಎಷ್ಟು ಕಷ್ಟವೆಂದರೆ, ವೈದ್ಯಕೀಯ ದತ್ತಾಂಶವನ್ನು ಮುಕ್ತವಾಗಿ ಹಂಚುವ ಫಿಸಿಯೋನೆಟ್ ಬಳಗ 2024ರ ತನ್ನ ಅಂತರರಾಷ್ಟ್ರೀಯ ಸ್ಪರ್ಧೆಯನ್ನು ಅದಕ್ಕೇ ಮೀಸಲಿಟ್ಟಿತು.

ಅಂಕಿ ಅದೇ, ಅರ್ಥ ಬೇರೆ

ಬಾಸ್ಟನ್ನಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ 1975ರಿಂದ 1979ರ ನಡುವೆ ದಾಖಲಿಸಿ, 1980ರಿಂದ ಹಂಚಲಾದ ಎಂಐಟಿ-ಬಿಐಎಚ್ ಸಂಗ್ರಹದಲ್ಲಿ ಒಂದು ಮಿಲಿವೋಲ್ಟಿಗೆ 200 ಅಂಕಿ. ಜರ್ಮನಿಯ ಪಿಟಿಬಿ-ಎಕ್ಸ್‌ಎಲ್ ಸಂಗ್ರಹದಲ್ಲಿ ಅದೇ ಒಂದು ಮಿಲಿವೋಲ್ಟಿಗೆ 1,000 ಅಂಕಿ. ರೂಢಿಯ ಮುದ್ರಣದಲ್ಲಿ ಒಂದು ಮಿಲಿವೋಲ್ಟ್ ಕಾಗದದ ಮೇಲೆ 10 ಮಿಲಿಮೀಟರ್ ಎತ್ತರ. ಹಾಗಾಗಿ ಅಲೆ ಮೂಲರೇಖೆಯಿಂದ 100 ಅಂಕಿ ಮೇಲಿದೆ ಎಂದರೆ ಜರ್ಮನ್ ಕಡತದಲ್ಲಿ ಕಾಗದದ ಮೇಲಿನ 1 ಮಿಲಿಮೀಟರ್. ಬಾಸ್ಟನ್ ಕಡತದಲ್ಲಿ 5 ಮಿಲಿಮೀಟರ್. ಹೆಚ್ಚಿನ ಲೀಡುಗಳಲ್ಲಿ ಅಲೆಯ ಎಸ್‌ಟಿ ಭಾಗ 1 ಮಿಲಿಮೀಟರ್ ಏರಿದರೇ ವೈದ್ಯರು ಹೃದಯಾಘಾತವನ್ನು ಶಂಕಿಸುತ್ತಾರೆ. ಹಾಗಿರುವಾಗ ಐದು ಪಟ್ಟು ತಪ್ಪಿಗೆ ಎಡೆಯೇ ಇಲ್ಲ.

ಕಾಲದ ಅಳತೆಯಲ್ಲೂ ಇದೇ ಅಪಾಯ. ನಿಮಿಷಕ್ಕೆ 75 ಬಾರಿ ಬಡಿಯುವ ಹೃದಯದ ಎರಡು ಬಡಿತಗಳ ನಡುವೆ 500 ಹರ್ಟ್ಸ್ (ಸೆಕೆಂಡಿಗೆ 500 ಅಳತೆ) ದಾಖಲೆಯಲ್ಲಿ 400 ಅಳತೆಗಳಿರುತ್ತವೆ. ಅದನ್ನು ಎಂಐಟಿ-ಬಿಐಎಚ್‌ನ 360 ಹರ್ಟ್ಸ್ ಎಂದು ಓದಿದರೆ ಬಡಿತ 54ಕ್ಕೆ ಇಳಿಯುತ್ತದೆ. ರಷ್ಯಾದ ಇನ್‌ಕಾರ್ಟ್ ಸಂಗ್ರಹದ 257 ಹರ್ಟ್ಸ್ ಎಂದು ಓದಿದರೆ 39ಕ್ಕೆ. ಆರೋಗ್ಯವಂತ ಮನುಷ್ಯ ಕಡತದೊಳಗೆ ರೋಗಿಯಾಗುತ್ತಾನೆ.

ಇದನ್ನು ತಡೆಯುವುದು ಒಂದು ಪುಟ್ಟ ತಲೆಬರಹದ ಕಡತ. ಪಿಟಿಬಿ-ಎಕ್ಸ್‌ಎಲ್‌ನಲ್ಲಿ ಪ್ರತಿ ದಾಖಲೆಯ ಜೊತೆಗೂ ಅದು ಇದೆ. ಮೊದಲ ಸಾಲಿನಲ್ಲಿ ದಾಖಲೆಯ ಹೆಸರು, ಆಮೇಲೆ 12, 500, 5000: ಲೀಡುಗಳೆಷ್ಟು, ಸೆಕೆಂಡಿಗೆ ಅಳತೆಗಳೆಷ್ಟು, ಲೀಡೊಂದಕ್ಕೆ ಒಟ್ಟು ಎಷ್ಟು. ಕೆಳಗಿನ 12 ಸಾಲುಗಳಲ್ಲಿ ಒಂದೊಂದು ಲೀಡಿನ ಹೆಸರು ಮತ್ತು ಮಿಲಿವೋಲ್ಟಿಗೆ ಎಷ್ಟು ಅಂಕಿ ಎಂಬ ವಿವರ. ಈ ಹದಿಮೂರು ಸಾಲು ಕಳೆದುಹೋದರೆ 60,000 ಅಂಕಿಗಳೂ ದಂಡ.

ರೋಗಿಯ ವಿವರಗಳಿಗೂ ಈ ಶಿಸ್ತು ಬೇಕು. ಗುರುತು ಸಿಗದಿರಲೆಂದು ಪಿಟಿಬಿ-ಎಕ್ಸ್‌ಎಲ್‌ನಲ್ಲಿ 89 ದಾಟಿದವರ ವಯಸ್ಸನ್ನೆಲ್ಲ 300 ಎಂದು ನಮೂದಿಸಲಾಗಿದೆ. ಈ ಸೂಚನೆ ಓದದೆ ಸರಾಸರಿ ತೆಗೆದರೆ ಸಂಶೋಧನೆ ಮೊದಲ ಹೆಜ್ಜೆಯಲ್ಲೇ ಎಡವುತ್ತದೆ.

ಜಗತ್ತು ಕೂಡಿಟ್ಟದ್ದು

- ಎಂಐಟಿ-ಬಿಐಎಚ್: 47 ಜನರ 48 ದಾಖಲೆ, ತಲಾ ಅರ್ಧ ಗಂಟೆ, ಗುರುತಿಸಿದ ಬಡಿತಗಳು ಸುಮಾರು 1,10,000.
- ಪಿಟಿಬಿ-ಎಕ್ಸ್‌ಎಲ್: 18,869 ರೋಗಿಗಳ 21,799 ದಾಖಲೆ, 1989ರಿಂದ 1996ರ ನಡುವೆ ತೆಗೆದದ್ದು, 2020ರಲ್ಲಿ ಪ್ರಕಟ.
- ಮಿಮಿಕ್-4 ಇಸಿಜಿ, ಬಾಸ್ಟನ್: ಸುಮಾರು 1,60,000 ರೋಗಿಗಳ 8 ಲಕ್ಷ ದಾಖಲೆ.
- ಬ್ರೆಜಿಲ್‌ನ ಮಿನಾಸ್ ಜೆರೈಸ್ ಟೆಲಿಹೆಲ್ತ್ ಜಾಲ: 16,76,384 ರೋಗಿಗಳ 23,22,513 ದಾಖಲೆ.

ಮಿಮಿಕ್‌ನ 8 ಲಕ್ಷ ಇಸಿಜಿಗಳೂ ಸೇರಿ ಸುಮಾರು 96 ಗಿಗಾಬೈಟ್. ಇವತ್ತಿನ ಸಾಮಾನ್ಯ ಮೊಬೈಲಿನಲ್ಲಿ ಹಿಡಿಸುವಷ್ಟು.

ದೊಡ್ಡ ಖರ್ಚು ವೈದ್ಯರ ಸಮಯದ್ದು. 21,799 ಇಸಿಜಿಗಳನ್ನು ಇಬ್ಬರು ತಜ್ಞರು ತಲಾ ಎರಡೇ ನಿಮಿಷದಂತೆ ಓದುತ್ತಾರೆಂದು ಇಟ್ಟುಕೊಳ್ಳೋಣ: 1,453 ಗಂಟೆ, ದಿನಕ್ಕೆ 8 ಗಂಟೆಯಂತೆ 182 ದಿನ. ಇಷ್ಟು ದುಡಿದ ಮೇಲೂ ಒಬ್ಬರು 'ಎಎಫ್' ಎಂದೂ ಇನ್ನೊಬ್ಬರು 'ಏಟ್ರಿಯಲ್ ಫಿಬ್ರಿಲೇಶನ್' ಎಂದೂ ಬರೆದಿಟ್ಟರೆ ಕಂಪ್ಯೂಟರಿಗೆ ಅವೆರಡು ಬೇರೆ ಕಾಯಿಲೆಗಳು. ಸ್ನೋಮೆಡ್ ಸಿಟಿ ಎಂಬ ವೈದ್ಯಕೀಯ ಪದಕೋಶದಲ್ಲಿ, ಇಸಿಜಿಯಲ್ಲಿ ಕಂಡ ಏಟ್ರಿಯಲ್ ಫಿಬ್ರಿಲೇಶನ್‌ಗೆ ಒಂದೇ ಸಂಖ್ಯೆ: 164889003. ಫಿಸಿಯೋನೆಟ್ 2021ರ ಸ್ಪರ್ಧೆಗೆ ಹಲವು ದೇಶಗಳ 88,253 ದಾಖಲೆಗಳನ್ನು ಒಟ್ಟಿಗೆ ಹಂಚಲು ಸಾಧ್ಯವಾದದ್ದು ಎಲ್ಲ ರೋಗನಿರ್ಣಯಗಳನ್ನೂ ಈ ಸಂಖ್ಯೆಗಳಿಗೆ ಹೊಂದಿಸಿದ್ದರಿಂದ.

ನಮ್ಮ ಲೆಕ್ಕ

ಕರ್ನಾಟಕದಲ್ಲಿ 2023ರಿಂದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳ ಇಸಿಜಿಗಳು ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರಗಳ ತಜ್ಞರನ್ನು ತಲುಪುತ್ತಿವೆ. ಜೀವ ಉಳಿಸುವ ಈ ಜಾಲವೇ ಜ್ಞಾನದ ಜಾಲವೂ ಆಗಬಲ್ಲದು. ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ದಿನಕ್ಕೆ 40 ಇಸಿಜಿ, ವರ್ಷಕ್ಕೆ 300 ದಿನ ಎಂದಿಟ್ಟುಕೊಳ್ಳಿ. ಅಂಥ 100 ಆಸ್ಪತ್ರೆಗಳಿಂದ ವರ್ಷಕ್ಕೆ 12 ಲಕ್ಷ ದಾಖಲೆ, 144 ಗಿಗಾಬೈಟ್. ಎಂಟೇ ತಿಂಗಳಲ್ಲಿ ಮಿಮಿಕ್‌ನ ಸಂಖ್ಯೆಯನ್ನು ಮುಟ್ಟುತ್ತೇವೆ. ಜರ್ಮನಿ, ಅಮೆರಿಕದ ಹೃದಯಗಳಿಂದ ಕಲಿತ ತಂತ್ರಾಂಶ ಸಿಂಧನೂರಿನ ರೈತನ ಇಸಿಜಿಯನ್ನೂ ಸರಿಯಾಗಿ ಓದುತ್ತದೆಯೇ ಎಂದು ಪರೀಕ್ಷಿಸಲು ನಮ್ಮದೇ ದಾಖಲೆ ಬೇಕು.

ನಿಯಮಗಳಿಗೂ ಕೊರತೆಯಿಲ್ಲ. ಭಾರತ 2014ರಲ್ಲೇ ಸ್ನೋಮೆಡ್ ಸಿಟಿಯ ಸದಸ್ಯನಾಗಿದೆ. ಇಲೆಕ್ಟ್ರಾನಿಕ್ ಆರೋಗ್ಯ ದಾಖಲೆಗಳ ರಾಷ್ಟ್ರೀಯ ಮಾನದಂಡ 2016ರಲ್ಲಿ ಪರಿಷ್ಕೃತವಾಯಿತು. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಖಾಸಗಿತನದ ಹೊಣೆಯನ್ನೂ ಗೊತ್ತುಮಾಡಿದೆ.

ಇವೆಲ್ಲ ಕೂಡಿಬರಬೇಕಾದದ್ದು ಖರೀದಿಯ ಹಂತದಲ್ಲಿ. ಸರ್ಕಾರಿ ಆಸ್ಪತ್ರೆಗೆ ಇಸಿಜಿ ಯಂತ್ರ ಕೊಳ್ಳುವ ಟೆಂಡರಿನಲ್ಲಿ ನಾಲ್ಕು ಷರತ್ತು ಸಾಕು: 12 ಲೀಡುಗಳ ಪೂರ್ಣ 10 ಸೆಕೆಂಡನ್ನೂ ಕನಿಷ್ಠ 500 ಹರ್ಟ್ಸ್‌ನಲ್ಲಿ ಉಳಿಸಬೇಕು, ಎಸ್‌ಸಿಪಿ-ಇಸಿಜಿ ಅಥವಾ ಡೈಕಾಮ್‌ನಂಥ ಮುಕ್ತ ರೂಪದಲ್ಲಿ, ಹೆಚ್ಚುವರಿ ಶುಲ್ಕವಿಲ್ಲದೆ ಹೊರಗೆ ಕೊಡಬೇಕು, ಅಳತೆಯ ಮಾನ ಮತ್ತು ಫಿಲ್ಟರಿನ ವಿವರ ಕಡತದಲ್ಲೇ ಇರಬೇಕು, ರೋಗನಿರ್ಣಯ ಸ್ನೋಮೆಡ್ ಸಂಖ್ಯೆಯಲ್ಲಿರಬೇಕು. ಯಂತ್ರ ಆಸ್ಪತ್ರೆಗೆ ಬಂದಿಳಿದ ಮೇಲೆ ಇವನ್ನು ಕೇಳಿದರೆ ಕಂಪನಿ ಹೇಳಿದ್ದೇ ಬೆಲೆ. ಟೆಂಡರಿನ ದಿನವೇ ಕೇಳಿದರೆ ನಾವು ಹೇಳಿದ್ದೇ ನಿಯಮ. ಆರೋಗ್ಯ ಇಲಾಖೆ ಮುಂದಿನ ಖರೀದಿಯಿಂದಲೇ ಇದನ್ನು ಕಡ್ಡಾಯ ಮಾಡಬೇಕು.