ಹಳೇ ಪ್ರಾಜೆಕ್ಟ್‌ಗೆ ಹೊಸ ಟೆಸ್ಟ್ ಫ್ರೇಮ್‌ವರ್ಕ್: ಬದಲಾಯಿಸೋದಾ, ಬೇಡವಾ?

ಹತ್ತು-ಹದಿನೈದು ವರ್ಷ ಹಳೆಯ ಸಾಫ್ಟ್‌ವೇರ್ ನೋಡಿಕೊಳ್ಳುವವರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತೆ. ಟೆಸ್ಟ್‌ಗಳೆಲ್ಲ ಪಾಸ್ ಆಗ್ತಿವೆ, ಮತ್ಯಾಕೆ ಫ್ರೇಮ್‌ವರ್ಕ್ ಬದಲಾಯಿಸಬೇಕು? ಹೊಸದು ಚೆನ್ನಾಗಿದೆ ಅನ್ನೋ ಒಂದೇ ಕಾರಣಕ್ಕಾದರೆ ಬೇಡ ಅಂತಲೇ ನಾನು ಹೇಳೋದು. ಆದರೆ ಕೆಲವೊಮ್ಮೆ ಸುಮ್ಮನೆ ಕೂತರೇ ಖರ್ಚು ಜಾಸ್ತಿ.

ಪೈಥಾನ್ ಲೋಕದ ಉದಾಹರಣೆ ನೋಡೋಣ. ಕೋಡ್ ಪರೀಕ್ಷಿಸೋ ಚಿಕ್ಕ ಚಿಕ್ಕ ಟೆಸ್ಟ್‌ಗಳನ್ನು ಹುಡುಕಿ, ಓಡಿಸಿ, ಫಲಿತಾಂಶ ಹೇಳುವ 'ನೋಸ್' ಎಂಬ ಸಾಧನ ಒಂದು ಕಾಲಕ್ಕೆ ಬಹಳ ಬಳಕೆಯಲ್ಲಿತ್ತು. ಅದರ ಕೊನೆಯ ಆವೃತ್ತಿ 1.3.7 ಬಂದಿದ್ದು 2015ರಲ್ಲಿ. 2021ರಲ್ಲಿ ಪೈಥಾನ್ 3.10 ಬಂದಾಗ ಕೆಲವು ಹಳೆಯ ಹೆಸರುಗಳನ್ನು ಭಾಷೆಯಿಂದ ತೆಗೆದುಹಾಕಲಾಯಿತು. ನೋಸ್ ಅವುಗಳಲ್ಲೊಂದನ್ನು ನಂಬಿಕೊಂಡಿತ್ತು, ಹಾಗಾಗಿ ಕೆಟ್ಟು ನಿಂತಿತು. ನೋಸ್ ಬೇಕು ಅಂದ್ರೆ ಪೈಥಾನ್ 3.9ರಲ್ಲೇ ಉಳಿಯಬೇಕು. ಅದಕ್ಕೂ 2025ರ ಅಕ್ಟೋಬರ್‌ಗೆ ಭದ್ರತಾ ಅಪ್‌ಡೇಟ್ ನಿಂತುಹೋಯಿತು. ಅಂದರೆ ಟೆಸ್ಟ್ ಸಾಧನವೇ ಇಡೀ ಸಾಫ್ಟ್‌ವೇರನ್ನು ಹಿಂದಕ್ಕೆ ಹಿಡಿದುಕೊಂಡ ಹಾಗಾಯಿತು. ನಮ್‌ಪೈ ತಂಡ ಇದಕ್ಕೆ ಬಹಳ ಮೊದಲೇ, 2018ರ 1.15 ಆವೃತ್ತಿಯಲ್ಲಿ ಪೈಟೆಸ್ಟ್‌ಗೆ ಹೋಗಿತ್ತು.

ಹಾಗಂತ ಬದಲಾವಣೆ ಸಲೀಸಲ್ಲ. ನನಗೆ ಹೆಚ್ಚು ಭಯ ಇರೋದು ಫೇಲ್ ಆಗೋ ಟೆಸ್ಟ್‌ಗಳ ಬಗ್ಗೆ ಅಲ್ಲ, ಸದ್ದಿಲ್ಲದೆ ಕಾಣೆಯಾಗೋ ಟೆಸ್ಟ್‌ಗಳ ಬಗ್ಗೆ. ಬಡ್ಡಿ ಲೆಕ್ಕದ ಟೆಸ್ಟ್‌ಗೆ ಯಾರೋ 'ಬಡ್ಡಿ_ಟೆಸ್ಟ್' ಅಂತ ಹೆಸರಿಟ್ಟಿದ್ದಾರೆ ಅಂದುಕೊಳ್ಳಿ. ನೋಸ್ ಅದನ್ನು ಗುರುತಿಸುತ್ತೆ. ಪೈಟೆಸ್ಟ್‌ಗೆ ಫಂಕ್ಷನ್ ಹೆಸರು 'ಟೆಸ್ಟ್' ಅಂತಲೇ ಶುರುವಾಗಬೇಕು, ಇಲ್ಲದಿದ್ದರೆ ಅದರ ಕಣ್ಣಿಗೇ ಬೀಳಲ್ಲ. ಪರದೆ ಮೇಲೆ ಎಲ್ಲ ಹಸಿರು, ಆದರೆ ಬಡ್ಡಿ ಲೆಕ್ಕವನ್ನು ಯಾರೂ ಪರೀಕ್ಷಿಸ್ತಿಲ್ಲ! ಹಾಗೇ ನೋಸ್ ಕಾಲದ 'ಯೀಲ್ಡ್' ಬಗೆಯ ಟೆಸ್ಟ್‌ಗಳನ್ನು ಪೈಟೆಸ್ಟ್ 4.0ರಲ್ಲಿ ಕೈಬಿಡಲಾಗಿದೆ.

ಹಾಗಾದ್ರೆ ಏನು ಮಾಡೋದು? ಮೊದಲು ಎರಡೂ ಸಾಧನಗಳಲ್ಲಿ ಓಡಿಸಿ, ಎಷ್ಟು ಟೆಸ್ಟ್ ಓಡಿದವು ಅಂತ ಎಣಿಸಿ. ಒಂದು ಕಡಿಮೆ ಬಂದರೂ ಕಾರಣ ಹುಡುಕಿ. ಆಮೇಲೆ ಬೇಕಂತಲೇ ಕೋಡ್‌ನಲ್ಲಿ ಒಂದೆರಡು ಕಡೆ ತಪ್ಪು ಮಾಡಿ, ಟೆಸ್ಟ್ ಕೆಂಪಾಗುತ್ತಾ ನೋಡಿ.

ಎಲ್ಲವನ್ನೂ ಒಂದೇ ಸಲ ಹೊಸದಾಗಿ ಬರೆಯೋಕೆ ಹೋಗಬೇಡಿ. ಪೈಥಾನ್ ಜೊತೆಗೇ ಬರುವ ಯೂನಿಟ್‌ಟೆಸ್ಟ್ ಶೈಲಿಯ ಟೆಸ್ಟ್‌ಗಳನ್ನು ಪೈಟೆಸ್ಟ್ ಹಾಗೇ ಓಡಿಸುತ್ತೆ. ಹಳೆಯವು ಇದ್ದಲ್ಲೇ ಇರಲಿ, ಹೊಸ ಟೆಸ್ಟ್‌ಗಳನ್ನು ಮಾತ್ರ ಹೊಸ ಶೈಲಿಯಲ್ಲಿ ಬರೆಯಿರಿ. ಒಂದು ಮಿತಿ ಮಾತ್ರ ನೆನಪಿರಲಿ: ಒಂದೇ ಟೆಸ್ಟನ್ನು ಹಲವು ಮೌಲ್ಯಗಳಿಗೆ ಓಡಿಸುವ ಪೈಟೆಸ್ಟ್‌ನ ಪ್ಯಾರಾಮೆಟ್ರೈಸ್ ಸೌಲಭ್ಯ ಆ ಹಳೆಯ ಕ್ಲಾಸ್‌ಗಳೊಳಗೆ ಕೆಲಸ ಮಾಡಲ್ಲ.

ನಿಮ್ಮ ಸಾಧನವನ್ನು ಈಗಲೂ ಯಾರಾದರೂ ನೋಡಿಕೊಳ್ತಿದ್ದಾರಾ? ಭಾಷೆಯ ಮುಂದಿನ ಆವೃತ್ತಿಯಲ್ಲಿ ಅದು ಓಡುತ್ತಾ? ಎರಡಕ್ಕೂ ಹೌದು ಅಂದ್ರೆ, ಆ ಸಮಯವನ್ನು ಹೊಸ ಟೆಸ್ಟ್ ಬರೆಯೋಕೆ ಬಳಸಿ. ಇಲ್ಲ ಅಂದ್ರೆ, ಕೆಡೋಕೆ ಮೊದಲೇ ಹೊರಡೋದು ಒಳ್ಳೇದು.